ಅಪವರ್ತನ ವಿಧಾನ ಬಂದ ದಾರಿ

ವರ್ಗ ಸಮೀಕರಣ ಬಿಡಿಸುವ ವಿಧಾನಗಳಲ್ಲಿ ಶಾಲೆಯಲ್ಲಿ ಸಾಮಾನ್ಯವಾಗಿ ಮೊದಲು ಕಲಿಸುವುದು ಅಪವರ್ತನವನ್ನು. ಚರಿತ್ರೆಯಲ್ಲಿ ಅದು ಬಂದದ್ದು ಬಹಳ ತಡವಾಗಿ.

ಕ್ರಿ.ಪೂ. 1800ರ ಸುಮಾರಿನ ಬ್ಯಾಬಿಲೋನಿಯದ ಮಣ್ಣಿನ ಫಲಕವೊಂದರಲ್ಲಿ ಹೀಗೊಂದು ಲೆಕ್ಕವಿದೆ: ಚೌಕದ ಕ್ಷೇತ್ರಫಲಕ್ಕೆ ಅದರ ಬಾಹುವನ್ನು ಕೂಡಿದರೆ ಮುಕ್ಕಾಲು, ಬಾಹು ಎಷ್ಟು? ಒಂದರ ಅರ್ಧವನ್ನು ವರ್ಗಿಸಿದರೆ ಕಾಲು. ಅದನ್ನು ಮುಕ್ಕಾಲಿಗೆ ಸೇರಿಸಿದರೆ 1. ಅದರ ಮೂಲದಿಂದ ಅರ್ಧ ಕಳೆದರೆ ಉತ್ತರ ಅರ್ಧ. ಇದು ವರ್ಗವನ್ನು ಪೂರ್ಣಗೊಳಿಸುವ ಕ್ರಮ; ಮುಂದಿನ ಮೂರು ಸಾವಿರ ವರ್ಷ ಈ ಕ್ರಮವೇ ನಾನಾ ರೂಪದಲ್ಲಿ ನಡೆಯಿತು.

ಕನ್ನಡ ನಾಡಿಗೂ ಇದರಲ್ಲಿ ಪಾಲುಂಟು. 9ನೇ ಶತಮಾನದಲ್ಲಿ ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಮಹಾವೀರಾಚಾರ್ಯ ತನ್ನ ಗಣಿತಸಾರಸಂಗ್ರಹದಲ್ಲಿ ಒಂಟೆಗಳ ಲೆಕ್ಕ ಕೊಡುತ್ತಾನೆ. ಹಿಂಡಿನ ಕಾಲುಭಾಗ ಕಾಡಿನಲ್ಲಿ, ಹಿಂಡಿನ ವರ್ಗಮೂಲದ ಎರಡರಷ್ಟು ಬೆಟ್ಟದ ತಪ್ಪಲಲ್ಲಿ, ಉಳಿದ 15 ನದಿಯ ದಡದಲ್ಲಿ. ಅವನ ಸೂತ್ರದಂತೆ 4/3 ಮತ್ತು 14/3 ಕೂಡಿ 6. ಅದರ ವರ್ಗ 36 ಒಂಟೆಗಳು. ವರ್ಗಮೂಲವನ್ನು ‘ಯ’ ಎಂದು ಹಿಡಿದರೆ ಇಂದಿನ ವಿದ್ಯಾರ್ಥಿ ಬರೆಯುವುದು 3ಯ² − 8ಯ − 60 = 0. ಮಧ್ಯದ ಪದವನ್ನು −18ಯ, +10ಯ ಎಂದು ಒಡೆದರೆ (ಯ − 6)(3ಯ + 10) = 0; ವರ್ಗಮೂಲ ಋಣವಾಗಲಾರದ್ದರಿಂದ ಯ = 6. ಭಿನ್ನರಾಶಿಗಳ ಗೋಜೇ ಇಲ್ಲ.

ಮಹಾವೀರನಿಗೆ ಈ ದಾರಿ ಏಕೆ ಕಾಣಲಿಲ್ಲ? ಬೇಕಾದ ಸಾಮಗ್ರಿಯೆಲ್ಲ ಭಾರತದಲ್ಲಿ ಆಗಲೇ ಇತ್ತು. ಸೊನ್ನೆ ಮತ್ತು ಋಣಸಂಖ್ಯೆಗಳ ಗುಣಾಕಾರದ ನಿಯಮಗಳನ್ನು ಬ್ರಹ್ಮಗುಪ್ತ 628ರಲ್ಲೇ ಹೇಳಿದ್ದ. ಮುಂದೆ 1150ರ ಭಾಸ್ಕರಾಚಾರ್ಯ ಕಪಿಗಳ ಲೆಕ್ಕವೊಂದಕ್ಕೆ 16 ಮತ್ತು 48 ಎಂಬ ಎರಡೂ ಉತ್ತರಗಳನ್ನು ಒಪ್ಪಿದ. ಆದರೆ ಸಮೀಕರಣ ಬಿಡಿಸುವಾಗ ಅವ್ಯಕ್ತವನ್ನು ಒಂದು ಪಕ್ಷದಲ್ಲಿ, ವ್ಯಕ್ತ ಸಂಖ್ಯೆಯನ್ನು ಇನ್ನೊಂದರಲ್ಲಿ ಇಡುವುದೇ ಪದ್ಧತಿಯಾಗಿತ್ತು. ಎಲ್ಲ ಪದಗಳನ್ನೂ ಒಂದೇ ಕಡೆ ತಂದು ಸೊನ್ನೆಗೆ ಸಮಮಾಡದೆ ಅಪವರ್ತನಕ್ಕೆ ಅರ್ಥವಿಲ್ಲ: ಗುಣಲಬ್ಧ ಸೊನ್ನೆಯಾದರೆ ಮಾತ್ರ ಅಪವರ್ತನಗಳಲ್ಲಿ ಒಂದಾದರೂ ಸೊನ್ನೆಯಾಗಲೇಬೇಕು. ಬಾಗ್ದಾದಿನ ಅಲ್ ಖ್ವಾರಿಜ್ಮಿಯಂತೂ ಋಣಪದಗಳನ್ನು ದೂರವಿಡಲು ಸಮೀಕರಣಗಳನ್ನು ಆರು ಬಗೆಯಾಗಿ ವಿಂಗಡಿಸಿದ್ದ.

ಎಲ್ಲವನ್ನೂ ಸೊನ್ನೆಗೆ ಸಮಮಾಡುವ ತಿರುವು ಇಂಗ್ಲೆಂಡಿನ ಥಾಮಸ್ ಹ್ಯಾರಿಯಟ್‌ನ ಬರಹಗಳಲ್ಲಿ ಸ್ಪಷ್ಟವಾಗುತ್ತದೆ. ಅವನು ತೀರಿಕೊಂಡದ್ದು 1621ರಲ್ಲಿ, ಬೀಜಗಣಿತದ ಪುಸ್ತಕ ಅಚ್ಚಾದದ್ದು 1631ರಲ್ಲಿ. ಅಪವರ್ತನಗಳನ್ನು ಗುಣಿಸಿ ಸಮೀಕರಣ ಕಟ್ಟುವುದು ಅವನ ಕ್ರಮ. 1637ರಲ್ಲಿ ಫ್ರಾನ್ಸಿನ ದೆಕಾರ್ತ್ ಇದನ್ನೇ ತಿಳಿಯಾಗಿ ತೋರಿಸಿದ: ಯ − 2 ಮತ್ತು ಯ − 3 ಗುಣಿಸಿದರೆ ಯ² − 5ಯ + 6 = 0; ಮೂಲಗಳು 2 ಮತ್ತು 3. ಅದನ್ನು ಯ − 4ರಿಂದ ಗುಣಿಸಿದಾಗ ಯ³ − 9ಯ² + 26ಯ − 24 = 0 ಎಂಬ ಘನ ಸಮೀಕರಣ ಬಂತು, ಮೂರನೆಯ ಮೂಲವೂ ಜೊತೆಗೇ ಬಂತು. ಸಮೀಕರಣದ ಘಾತ ಎಷ್ಟೋ ಅಷ್ಟು ಮೂಲಗಳು ಇರಬಹುದೆಂದು ಅವನು ಹೇಳಿದ್ದು ಇದೇ ಆಧಾರದ ಮೇಲೆ.