ಕಣ್ಣೀರುನಾಳದ ಶಸ್ತ್ರಚಿಕಿತ್ಸೆಯ ಇತಿಹಾಸ

ಕಣ್ಣೀರುನಾಳದ ಶಸ್ತ್ರಚಿಕಿತ್ಸೆ: ಕಣ್ಣಿನಿಂದ ಮೂಗಿಗೆ ನೀರು ಇಳಿಯುವ ದಾರಿ ಕಟ್ಟಿಕೊಂಡಾಗ ಅದನ್ನು ಬಿಡಿಸುವ ಅಥವಾ ಹೊಸ ದಾರಿ ಮಾಡಿಕೊಡುವ ವೈದ್ಯವಿಧಾನಗಳಿಗೆ ಈ ಹೆಸರು. ಅಳದಿದ್ದರೂ ಸೋರುವ ಕಣ್ಣು, ಮೂಗಿನ ಬುಡದಲ್ಲಿ ಊದಿದ ಗಂಟು, ಒತ್ತಿದರೆ ಕಣ್ಣಿನ ಮೂಲೆಯಲ್ಲಿ ಜಿನುಗುವ ಕೀವು ಈ ಬೇನೆಯ ಮುಖ್ಯ ಲಕ್ಷಣಗಳು. ಬೇನೆ ಕಾಣಿಸುವುದು ಕಣ್ಣಿನಲ್ಲಾದರೂ ಅದರ ಮೂಲ ಬಹುಮಟ್ಟಿಗೆ ಮೂಗಿನ ಕಡೆಗಿರುತ್ತದೆ. ಈ ಸಂಗತಿ ಮನವರಿಕೆಯಾಗುವವರೆಗೆ ವೈದ್ಯರು ಕೀವು ಕಂಡಲ್ಲೇ ಸುಟ್ಟರು, ಕೊಯ್ದರು. ಆದ ಮೇಲೆ ದಾರಿಯನ್ನು ಹುಡುಕತೊಡಗಿದರು.

ರಚನೆ: ಕಣ್ಣುಗುಳಿಯ ಮೇಲ್ಭಾಗದಲ್ಲಿ, ಹೊರಮೂಲೆಯ ಬಳಿ ಅಶ್ರುಗ್ರಂಥಿ ಇದೆ. ಅಲ್ಲಿ ಊರಿದ ನೀರನ್ನು ರೆಪ್ಪೆಗಳು ಪ್ರತಿ ಮಿಟುಕಿಗೂ ಕಣ್ಣಿನ ಮೇಲೆ ಹರಡಿ ಒಳಮೂಲೆಗೆ ತಳ್ಳುತ್ತವೆ. ಕನ್ನಡಿಯ ಮುಂದೆ ನಿಂತು ಕೆಳರೆಪ್ಪೆಯನ್ನು ತುಸು ಹೊರಕ್ಕೆ ಎಳೆದರೆ ಒಳಮೂಲೆಯ ಹತ್ತಿರ ಸೂಜಿಮೊನೆಯಷ್ಟು ಸಣ್ಣ ತೂತು ಕಾಣುತ್ತದೆ. ಮೇಲ್‌ರೆಪ್ಪೆಯಲ್ಲೂ ಅಂಥದೇ ಇನ್ನೊಂದಿದೆ. ಇವೆರಡರಿಂದ ಹೊರಟ ಸುಮಾರು 10 ಮಿ.ಮೀ. ಉದ್ದದ ಕಿರುನಾಳಗಳು ಮೂಗಿನ ಪಕ್ಕದ ಎಲುಬಿನ ತಗ್ಗಿನಲ್ಲಿ ಕುಳಿತ ಅಶ್ರುಕೋಶವನ್ನು ಸೇರುತ್ತವೆ. ಕೋಶದಿಂದ ಕೆಳಗಿಳಿಯುವ ನಾಳ ಮೂಗಿನೊಳಗೆ ತೆರೆದುಕೊಳ್ಳುತ್ತದೆ. ಅತ್ತಾಗ ಮೂಗು ಸುರಿಯುವುದೂ, ಕಣ್ಣಿಗೆ ಬಿಟ್ಟ ಔಷಧಿಯ ಕಹಿ ಗಂಟಲಿಗೆ ತಟ್ಟುವುದೂ ಈ ದಾರಿಯಿಂದಲೇ. ಕೆಳನಾಳ ಕಟ್ಟಿದರೆ ನೀರು ಕೋಶದಲ್ಲಿ ನಿಂತು ಕೊಳೆಯುತ್ತದೆ. ಕೀವು ಹೆಚ್ಚಾದರೆ ಚರ್ಮ ಒಡೆದು ಕೆನ್ನೆಯ ಮೇಲೆ ನಾಳಹುಣ್ಣು ಉಳಿಯುತ್ತದೆ.

ಪ್ರಾಚೀನ ಕಾಲ: ಸುಶ್ರುತಸಂಹಿತೆಯ ಉತ್ತರತಂತ್ರ ಕಣ್ಣಿನ 76 ರೋಗಗಳನ್ನು ಎಣಿಸುತ್ತದೆ. ಅವುಗಳಲ್ಲಿ ಒಂಬತ್ತು ಕಣ್ಣಿನ ಸಂಧಿಗಳಿಗೆ ಸೇರಿದವು. ಸಂಧಿಯಲ್ಲಿ ಬಾವು ಹಣ್ಣಾಗಿ ಕೀವು ಸುರಿಯುವುದನ್ನು ‘ಪೂಯಾಲಸ’ ಎಂದು ಕರೆದು ರಕ್ತಮೋಕ್ಷಣ, ಬಿಸಿ ಪಟ್ಟು, ಅಂಜನಗಳನ್ನು ಸೂಚಿಸಿದೆ. ಇದರ ಜೊತೆಗೆ ನಾಲ್ಕು ಬಗೆಯ ‘ಸ್ರಾವ’ಗಳನ್ನು ಹೇಳುವಾಗ ದೋಷಗಳು ಅಶ್ರುಮಾರ್ಗವಾಗಿ ಸಂಧಿಗೆ ಬರುತ್ತವೆಂದೂ, ಇದನ್ನು ಕೆಲವರು ‘ನೇತ್ರನಾಡಿ’ ಎನ್ನುತ್ತಾರೆಂದೂ ವಿವರಿಸುತ್ತದೆ. ಕಣ್ಣೀರಿಗೆ ಒಂದು ಮಾರ್ಗವಿದೆ ಎಂಬ ಮಾತು ಅಲ್ಲಿ ಆಗಲೇ ಬಂದಿದೆ. ಆದರೆ ಈ ಸ್ರಾವಗಳನ್ನು ಅಸಾಧ್ಯ ರೋಗಗಳ ಸಾಲಿಗೆ ಸೇರಿಸಿ ಬಿಡಲಾಗಿದೆ. ಒಳಮುಖವಾದ ರೆಪ್ಪೆಗೂದಲಿಗೆ ಇದೇ ಗ್ರಂಥ ಧೈರ್ಯವಾಗಿ ಶಸ್ತ್ರ ಹಿಡಿಯುತ್ತದೆ: ರೆಪ್ಪೆಯ ಮೇಲಿನ ಚರ್ಮವನ್ನು ಜವೆಗೋದಿಯ ಕಾಳಿನ ಆಕಾರದಲ್ಲಿ ಕತ್ತರಿಸಿ ತೆಗೆದು ಕೂದಲಿನಿಂದ ಹೊಲಿಯಬೇಕೆಂದು ವಿಧಿಸುತ್ತದೆ.

ಗ್ರೀಕರು ಈ ಬೇನೆಯನ್ನು ‘ಮೇಕೆಗಣ್ಣು’ ಎಂಬರ್ಥದ ಹೆಸರಿನಿಂದ ಕರೆದರು. ಕ್ರಿ.ಶ. 1ನೆಯ ಶತಮಾನದ ರೋಮನ್ ಲೇಖಕ ಸೆಲ್ಸಸ್ ಹೇಳುವ ಚಿಕಿತ್ಸೆ ಕಠೋರವಾದುದು. ಹುಣ್ಣನ್ನು ಎಲುಬಿನವರೆಗೆ ಕೊಯ್ದು, ಕಣ್ಣಿಗೆ ಕಾವು ತಾಗದಂತೆ ಮುಚ್ಚಿ, ಕಾದ ಕಬ್ಬಿಣದಿಂದ ಎಲುಬನ್ನೇ ಸುಡಬೇಕು. ಸುಡುವ ಈ ಪದ್ಧತಿ ಯೂರೋಪಿನಲ್ಲಿ ಸಾವಿರ ವರ್ಷಕ್ಕೂ ಹೆಚ್ಚು ಕಾಲ ಉಳಿಯಿತು.

ದಾರಿಯ ಅರಿವು: ಕಣ್ಣೀರು ಮಿದುಳಿನಿಂದ ಇಳಿಯುತ್ತದೆ ಎಂಬ ನಂಬಿಕೆ 17ನೆಯ ಶತಮಾನದವರೆಗೂ ಬಲವಾಗಿತ್ತು. ಡೆನ್ಮಾರ್ಕಿನ ಅಂಗರಚನಾಶಾಸ್ತ್ರಜ್ಞ ನೀಲ್ಸ್ ಸ್ಟೆನ್ಸನ್ 1662ರಲ್ಲಿ ಅಶ್ರುಗ್ರಂಥಿಯ ಸೂಕ್ಷ್ಮ ನಾಳಗಳನ್ನು ವರ್ಣಿಸಿ, ಕಣ್ಣೀರು ಹುಟ್ಟುವುದು ಗ್ರಂಥಿಯಲ್ಲೆಂದು ತೋರಿಸಿದ. ಜರ್ಮನಿಯ ಗೇಯೋರ್ಗ್ ಎರ್ನ್‌ಸ್ಟ್ ಶ್ಟಾಲ್ 1702ರಲ್ಲಿ ಕೋಶದಲ್ಲಿ ಕೀವಾಗಲು ಕೆಳಗಿನ ನಾಳದ ತಡೆಯೇ ಕಾರಣವೆಂದು ವಾದಿಸಿದ. ಹುಣ್ಣು ಫಲವೆಂದೂ ತಡೆ ಕಾರಣವೆಂದೂ ತಿಳಿದ ಮೇಲೆ ಕಬ್ಬಿಣ ಕಾಯಿಸುವ ಅಗತ್ಯ ಉಳಿಯಲಿಲ್ಲ.

ಈ ಅರಿವನ್ನು ಕೈಕೆಲಸಕ್ಕೆ ಇಳಿಸಿದವನು ಫ್ರಾನ್ಸಿನ ಶಸ್ತ್ರವೈದ್ಯ ಡೊಮಿನಿಕ್ ಆನೆಲ್. ಇಟಲಿಯಲ್ಲಿದ್ದಾಗ ಈತ ಹಂದಿಯ ಗಡಸುಕೂದಲಿನಷ್ಟು ತೆಳುವಾದ ಬೆಳ್ಳಿಯ ಸಲಾಕೆಯನ್ನು ರೆಪ್ಪೆಯ ತೂತಿನಿಂದ ಒಳಕ್ಕೆ ಇಳಿಸಿ ನಾಳವನ್ನು ಬಿಡಿಸಿದ. ಸಣ್ಣ ಪಿಚಕಾರಿಯಿಂದ ದ್ರವ ಹಾಯಿಸಿ ತೊಳೆದ. ಸವಾಯ್ ಡ್ಯೂಕನ ತಾಯಿಗೂ ಈತ ಚಿಕಿತ್ಸೆ ಮಾಡಿದ. ತನ್ನ ವಿಧಾನವನ್ನು 1713ರಲ್ಲಿ ಟ್ಯೂರಿನ್‌ನಲ್ಲಿ ಪ್ರಕಟಿಸಿದ. ಚರ್ಮಕ್ಕೆ ಗಾಯವಿಲ್ಲದೆ, ಕಣ್ಣೀರು ನಡೆದ ದಾರಿಯಲ್ಲೇ ನಡೆದ ಮೊದಲ ಚಿಕಿತ್ಸೆ ಇದು. ಲಂಡನ್ನಿನ ವಿಲಿಯಂ ಬೌಮನ್ 1857ರಲ್ಲಿ ಕಿರುನಾಳವನ್ನು ಸೀಳಿ ಅಗಲ ಮಾಡಿ, ಕ್ರಮವಾಗಿ ದಪ್ಪವಾಗುತ್ತ ಹೋಗುವ ಸಲಾಕೆಗಳನ್ನು ಹಾಯಿಸುವ ಕ್ರಮವನ್ನು ತಂದ. ಸೀಳುವ ಕ್ರಮ ಹಿಂದೆ ಬಿತ್ತು. ಸಲಾಕೆಗಳು ಮಾತ್ರ ಅವನ ಹೆಸರಿನಲ್ಲೇ ಇಂದಿಗೂ ಬಳಕೆಯಲ್ಲಿವೆ.

ಹೊಸ ದಾರಿ: ಬೆಳೆದವರಲ್ಲಿ ಸಲಾಕೆ ಬಿಡಿಸಿದ ನಾಳ ಬಹಳ ಸಲ ಮತ್ತೆ ಕಟ್ಟಿಕೊಳ್ಳುತ್ತಿತ್ತು. ಆಗ ಉಳಿದ ಉಪಾಯ ಕೋಶವನ್ನೇ ಕಿತ್ತುಹಾಕುವುದು. ಕೀವು ನಿಂತರೂ ಕಣ್ಣು ಸೋರುವುದು ತಪ್ಪುತ್ತಿರಲಿಲ್ಲ. ಫ್ಲಾರೆನ್ಸಿನ ಅಡ್ಡೆಯೊ ಟೋಟಿ 1904ರಲ್ಲಿ ಈ ಇಕ್ಕಟ್ಟನ್ನು ಬಿಡಿಸಿದ. ಕಟ್ಟಿದ ನಾಳದ ಗೊಡವೆಗೆ ಹೋಗದೆ, ಮೂಗಿನ ಪಕ್ಕದಲ್ಲಿ ಚರ್ಮ ಕೊಯ್ದು, ಕೋಶಕ್ಕೂ ಮೂಗಿಗೂ ನಡುವಿನ ಎಲುಬಿನ ತುಂಡನ್ನು ತೆಗೆದು, ಕೋಶ ನೇರವಾಗಿ ಮೂಗಿಗೆ ತೆರೆಯುವಂತೆ ಮಾಡಿದ. ಆಸ್ಪತ್ರೆಗಳಲ್ಲಿ ‘ಡಿ.ಸಿ.ಆರ್.’ ಎಂದು ಕರೆಯುವ ಶಸ್ತ್ರಕ್ರಿಯೆ ಇದೇ. ಆದರೆ ಮಾಡಿದ ಕಿಂಡಿ ಮಾಯುತ್ತ ಮಾಯುತ್ತ ಮುಚ್ಚಿಹೋಗುವ ಭಯವಿತ್ತು. ಫ್ರಾನ್ಸಿನ ಡ್ಯುಪ್ವಿ-ಡ್ಯುಟಾಂ ಮತ್ತು ಬೂರ್ಗೆ 1920ರ ದಶಕದ ಆರಂಭದಲ್ಲಿ ಕೋಶದ ಒಳಪೊರೆಯನ್ನು ಮೂಗಿನ ಒಳಪೊರೆಗೆ ಸೇರಿಸಿ ಹೊಲಿದರು. ಕಿಂಡಿಗೆ ಜೀವಂತ ಅಸ್ತರಿ ಸಿಕ್ಕಿದ್ದರಿಂದ ಅದು ತೆರೆದೇ ಉಳಿಯತೊಡಗಿತು. ಕಿರುನಾಳಗಳೇ ಹಾಳಾದವರಿಗೆ ಅಮೆರಿಕದ ಲೆಸ್ಟರ್ ಜೋನ್ಸ್ ಗಾಜಿನ ಕಿರುಕೊಳವೆ ಕೂರಿಸುವ ಉಪಾಯ ಕಂಡುಕೊಂಡ.

ಕೂಸುಗಳ ಕಥೆ ಬೇರೆ. ನಾಳದ ಕೊನೆಯ ತೆಳುಪೊರೆ ಹುಟ್ಟುವ ವೇಳೆಗೆ ಬಿಚ್ಚಿಕೊಳ್ಳದಿದ್ದರೆ ಕಣ್ಣು ಸೋರುತ್ತದೆ, ಬೆಳಗ್ಗೆ ಪಿಸುರು ಕಟ್ಟುತ್ತದೆ. ಕೋಶದ ಮೇಲೆ ಬೆರಳಿಟ್ಟು ಕೆಳಮುಖವಾಗಿ ಒತ್ತುವ ಕ್ರಮವನ್ನು ಕ್ರಿಗ್ಲರ್ 1923ರಲ್ಲಿ ವಿವರಿಸಿದ. ಹೆಚ್ಚಿನ ಕೂಸುಗಳಿಗೆ ವರ್ಷ ತುಂಬುವುದರೊಳಗೆ ದಾರಿ ತಾನಾಗಿ ತೆರೆಯುತ್ತದೆ. ಉಳಿದವಕ್ಕೆ ಸಲಾಕೆ ಹಾಯಿಸುತ್ತಾರೆ.

ಮೂಗಿನ ಕಡೆಯಿಂದ: ಮೂಗಿನೊಳಗಿಂದಲೇ ಕೋಶವನ್ನು ತೆರೆಯುವ ಯತ್ನವನ್ನು ಅಮೆರಿಕದ ಕಾಲ್ಡ್‌ವೆಲ್ 1893ರಷ್ಟು ಹಿಂದೆಯೇ ಮಾಡಿದ್ದ. ಇಕ್ಕಟ್ಟಾದ, ಕತ್ತಲೆಯ, ರಕ್ತ ಒಸರುವ ಜಾಗದಲ್ಲಿ ಕಣ್ಣಿಗೆ ಏನೂ ಕಾಣದೆ ಅದು ಬೇರೂರಲಿಲ್ಲ. ಮೂಗಿನ ಎಂಡೋಸ್ಕೋಪ್ ಬಂದ ಮೇಲೆ, 1989ರಲ್ಲಿ ಮ್ಯಾಕ್‌ಡೊನೋ ಮತ್ತು ಮೀರಿಂಗ್ ಅದರ ನೆರವಿನ ವಿಧಾನವನ್ನು ಪ್ರಕಟಿಸಿದರು. ಮುಖದ ಮೇಲೆ ಕಲೆ ಉಳಿಯದಿರುವುದು ಇದರ ಅನುಕೂಲ. ಹೊರಗಿನಿಂದ ಮಾಡುವ ಡಿ.ಸಿ.ಆರ್. ಕೂಡ ಇಂದಿಗೂ ಬಳಕೆಯಲ್ಲಿದೆ.

ಕರ್ನಾಟಕವೂ ಸೇರಿದಂತೆ ಭಾರತದಲ್ಲಿ ಈ ವಿದ್ಯೆಗೆ ಕಣ್ಣಿನ ಪೊರೆಯ (ಮೋತಿಬಿಂದು) ಶಸ್ತ್ರಚಿಕಿತ್ಸೆಯ ನಂಟಿದೆ. ಕೋಶದಲ್ಲಿ ಕೀವಿದ್ದಾಗ ಪೊರೆ ತೆಗೆದರೆ ಸೋಂಕು ಕಣ್ಣಿನೊಳಕ್ಕೆ ಇಳಿದು ದೃಷ್ಟಿಯೇ ಹೋಗಬಹುದು. ಆದ್ದರಿಂದ ಮೊದಲು ಕೆಳರೆಪ್ಪೆಯ ತೂತಿನಲ್ಲಿ ಮೊಂಡುಸೂಜಿ ಇಟ್ಟು ಉಪ್ಪುನೀರು ಬಿಟ್ಟು ನೋಡುವುದು ರೂಢಿ. ಡಿ.ಸಿ.ಆರ್. ಆದ ಮೇಲೆ ಕಿಂಡಿ ತೆರೆದಿದೆಯೇ ಎಂದು ತಿಳಿಯುವುದೂ ಹೀಗೆಯೇ. ಉಪಕರಣ ಆನೆಲನ ಪಿಚಕಾರಿಯ ವಂಶದ್ದೇ. ‘ಗಂಟಲಿಗೆ ಉಪ್ಪು ಬಂತೇ?’ ಎಂದು ಕೇಳುತ್ತಾರೆ. ರೋಗಿ ಗುಟುಕರಿಸಿ ತಲೆಯಾಡಿಸಿದರೆ ದಾರಿ ಸರಿಯಿದೆ ಎಂದರ್ಥ.