ಟ್ಯಾಗು ಮತ್ತು ಟಿಪ್ಪಣಿ: ಗ್ರಂಥಪಾಲಕರ ‘ಲೈಬ್ರರಿ 2.0’ ತರಬೇತಿಯ ಒಂದು ಮರುಪರಿಶೀಲನೆ

ಅಮೆರಿಕದ ಉತ್ತರ ಕ್ಯಾರೊಲಿನಾದಲ್ಲಿರುವ ಷಾರ್ಲಟ್ ಮತ್ತು ಮೆಕ್ಲೆನ್‌ಬರ್ಗ್ ಕೌಂಟಿ ಸಾರ್ವಜನಿಕ ಗ್ರಂಥಾಲಯವು 2006ರಲ್ಲಿ ತನ್ನ ಸಿಬ್ಬಂದಿಗಾಗಿ ಒಂಬತ್ತು ವಾರಗಳ ಸ್ವಕಲಿಕೆಯ ಪಾಠಕ್ರಮವೊಂದನ್ನು ನಡೆಸಿತು. ಅದನ್ನು ರೂಪಿಸಿದವರು ಹೆಲೆನ್ ಬ್ಲೋವರ್ಸ್. ಸಿಬ್ಬಂದಿಯ ಮುಂದಿಟ್ಟ ಕೆಲಸಗಳು ಇಪ್ಪತ್ತಮೂರು: ಸ್ವಂತ ಬ್ಲಾಗ್ ತೆರೆಯುವುದು, ಫ್ಲಿಕರ್‌ನಲ್ಲಿ ಚಿತ್ರ ಹುಡುಕುವುದು, ಲೈಬ್ರರಿಥಿಂಗ್‌ನಲ್ಲಿ ತಮ್ಮ ಪುಸ್ತಕಗಳನ್ನು ಸೇರಿಸುವುದು, ಡೆಲಿಷಿಯಸ್‌ನಲ್ಲಿ ಟ್ಯಾಗು ಹಚ್ಚುವುದು, ವಿಕಿ ಪುಟವನ್ನು ತಿದ್ದುವುದು, ಹೀಗೆ. ಪೂರೈಸಿದವರಿಗೆ ಒಂದು ಎಂಪಿ3 ಪ್ಲೇಯರ್ ಬಹುಮಾನ. ಪಾಠಕ್ರಮವನ್ನು ಮುಕ್ತ ಪರವಾನಗಿಯಡಿ ಬಿಟ್ಟುಕೊಟ್ಟದ್ದರಿಂದ ‘23 ಥಿಂಗ್ಸ್’ ಎಂಬ ಹೆಸರಿನಲ್ಲಿ ಅದು ಹಲವು ದೇಶಗಳ ಗ್ರಂಥಾಲಯಗಳಿಗೆ ಹರಡಿತು.

ಇದರ ಹಿಂದಿದ್ದ ‘ಲೈಬ್ರರಿ 2.0’ ಚರ್ಚೆ ಪರಿಚಿತವಾದದ್ದು, ಇಲ್ಲಿ ಬೆಳೆಸಬೇಕಾಗಿಲ್ಲ. 2005ರಲ್ಲಿ ಮೈಕಲ್ ಕೇಸಿ ಆ ಹೆಸರನ್ನು ಬಳಕೆಗೆ ತಂದರು. ಅವರ ಮಟ್ಟಿಗೆ ಅದು ಓದುಗರನ್ನು ಮುಂದಿಟ್ಟುಕೊಂಡು ಸೇವೆಯನ್ನು ಎಡೆಬಿಡದೆ ಬದಲಿಸಿಕೊಳ್ಳುವ ಕ್ರಮ. ಮರುವರ್ಷ ಜ್ಯಾಕ್ ಮ್ಯಾನೆಸ್ ಅದರ ವ್ಯಾಪ್ತಿಯನ್ನು ವೆಬ್‌ ಆಧಾರಿತ ಸೇವೆಗಳಿಗಷ್ಟೇ ಕಿರಿದುಗೊಳಿಸಿದರು. ಅದೇ ವರ್ಷದ ಆರಂಭದಲ್ಲಿ ವಾಲ್ಟ್ ಕ್ರಾಫರ್ಡ್ ಹತ್ತಾರು ಜನರ ಅಭಿಪ್ರಾಯಗಳನ್ನು ಒಟ್ಟುಗೂಡಿಸಿ, ಇವರೆಲ್ಲ ಒಂದೇ ಹೆಸರಿನಡಿ ಬೇರೆ ಬೇರೆ ಸಂಗತಿಗಳನ್ನು ಹೇಳುತ್ತಿದ್ದಾರೆ ಎಂದು ತೋರಿಸಿದ್ದರು. ಅದರ ಗದ್ದಲ ಈಗ ತಣ್ಣಗಾಗಿದೆ. ಆಗ ಕಲಿಸಿದ ಸಾಧನಗಳಲ್ಲೂ ಹಲವು ಉಳಿದಿಲ್ಲ. ಗೂಗಲ್ ರೀಡರ್ 2013ರಲ್ಲಿ ಮುಚ್ಚಿತು, ಟೆಕ್ನೊರಾಟಿ ಬ್ಲಾಗುಗಳನ್ನು ಸೂಚಿಸುವುದನ್ನೇ ಬಿಟ್ಟಿತು, ಡೆಲಿಷಿಯಸ್ ಕೈಯಿಂದ ಕೈಗೆ ಮಾರಾಟವಾಗಿ ನಿಂತುಹೋಯಿತು.

ಹಾಗಾದರೆ ಗ್ರಂಥಪಾಲಕರಿಗೆ ದಕ್ಕಿದ್ದೇನು? ಸಾಧನ ಹೋದರೇನು, ಕಲಿಯುವ ಧೈರ್ಯ ಉಳಿಯಿತಲ್ಲ ಎಂಬುದು ಈಗ ಸಾಮಾನ್ಯವಾಗಿ ಸಿಗುವ ಉತ್ತರ. ಮೈಕಲ್ ಸ್ಟೀಫನ್ಸ್ ಮತ್ತು ವಾರನ್ ಚೀಥಮ್ ಆಸ್ಟ್ರೇಲಿಯಾದ ಗ್ರಂಥಾಲಯಗಳಲ್ಲಿ ನಡೆಸಿದ ಅಧ್ಯಯನವೂ ಇದನ್ನು ಬೆಂಬಲಿಸುತ್ತದೆ: ತರಬೇತಿ ಪಡೆದ ಸಿಬ್ಬಂದಿಯ ಆತ್ಮವಿಶ್ವಾಸ ಹೆಚ್ಚಿತು, ಹೊಸದನ್ನು ಮುಟ್ಟಿ ನೋಡುವ ಅಂಜಿಕೆ ಕಡಿಮೆಯಾಯಿತು. ಇದನ್ನು ಅಲ್ಲಗಳೆಯುವ ಉದ್ದೇಶ ನನಗಿಲ್ಲ. ಆದರೆ ಆತ್ಮವಿಶ್ವಾಸಕ್ಕೆ ಸಿಬ್ಬಂದಿಯ ಸ್ವಂತ ಹೇಳಿಕೆಯೇ ಮುಖ್ಯ ಸಾಕ್ಷಿ. ಗ್ರಂಥಾಲಯದ ಮೇಜಿನ ಮೇಲೆ, ಕ್ಯಾಟಲಾಗಿನ ನಮೂದಿನಲ್ಲಿ ಏನು ಬದಲಾಯಿತು ಎಂಬ ಪ್ರಶ್ನೆಗೆ ಅದರಿಂದ ಉತ್ತರ ಸಿಗುವುದಿಲ್ಲ. ಅಲ್ಲದೆ, ಸಾಧನ ಯಾವುದಾದರೂ ಒಂದೇ, ಮನೋಭಾವ ಮುಖ್ಯ ಎಂದುಬಿಟ್ಟರೆ ಒಂದು ಸಾಧನ ಗ್ರಂಥಪಾಲಕನಿಂದ ಬೇಡುವ ಶ್ರಮಕ್ಕೂ ಇನ್ನೊಂದು ಬೇಡುವ ಶ್ರಮಕ್ಕೂ ಇರುವ ಅಂತರ ಮರೆಯಾಗುತ್ತದೆ. ನನ್ನ ತಕರಾರು ಇರುವುದು ಇಲ್ಲಿ.

ಇದನ್ನು ಪರೀಕ್ಷಿಸಲು ಒಳ್ಳೆಯ ಆಕರವೊಂದಿದೆ. ವಾಷಿಂಗ್ಟನ್ನಿನ ಲೈಬ್ರರಿ ಆಫ್ ಕಾಂಗ್ರೆಸ್ 2008ರ ಜನವರಿಯಲ್ಲಿ ತನ್ನ ಮೂರು ಸಾವಿರದಷ್ಟು ಛಾಯಾಚಿತ್ರಗಳನ್ನು ಫ್ಲಿಕರ್‌ನಲ್ಲಿ ಇರಿಸಿ, ಯಾರು ಬೇಕಾದರೂ ಟ್ಯಾಗು ಹಚ್ಚಬಹುದು, ಟಿಪ್ಪಣಿ ಬರೆಯಬಹುದು ಎಂದು ತೆರೆದುಬಿಟ್ಟಿತು. ಅವುಗಳಲ್ಲಿ ಅರ್ಧದಷ್ಟು ಬೈನ್ ಎಂಬ ಸುದ್ದಿಸಂಸ್ಥೆಯ 1910ರ ದಶಕದ ಚಿತ್ರಗಳು; ಉಳಿದವು 1930ರ ದಶಕದ ಕೊನೆಯಿಂದ 40ರ ದಶಕದವರೆಗಿನ ಸರ್ಕಾರಿ ಬಣ್ಣದ ಛಾಯಾಚಿತ್ರಗಳು. ಹತ್ತು ತಿಂಗಳ ಬಳಿಕ ಹೊರಬಂದ ವರದಿಯ ಅಂಕಿಗಳು ಹೀಗಿವೆ: ಅಷ್ಟರಲ್ಲಿ ಚಿತ್ರಗಳು 4,615 ಆಗಿದ್ದವು. 2,518 ಖಾತೆಗಳಿಂದ 67,176 ಟ್ಯಾಗುಗಳು ಬಂದಿದ್ದವು. 2,562 ಖಾತೆಗಳಿಂದ 7,166 ಟಿಪ್ಪಣಿಗಳು. ಅಸಭ್ಯವೆಂದು ತೆಗೆದುಹಾಕಿದ್ದು 25ಕ್ಕೂ ಕಡಿಮೆ. ಜನರಿಂದ ದೊರೆತ ಮಾಹಿತಿಯಿಂದ ಕ್ಯಾಟಲಾಗಿನಲ್ಲಿ ಪರಿಷ್ಕೃತವಾದ ನಮೂದುಗಳು 500ಕ್ಕೂ ಹೆಚ್ಚು.

ಈ ವರದಿಯನ್ನು ಉಲ್ಲೇಖಿಸುವವರು ಸಾಮಾನ್ಯವಾಗಿ ಟ್ಯಾಗುಗಳ ಅಂಕಿಗೆ ಬೆರಗಾಗುತ್ತಾರೆ. ನನಗೆ ಮುಖ್ಯವೆನಿಸುವುದು ಟಿಪ್ಪಣಿಗಳ ಅಂಕಿಗೂ ಪರಿಷ್ಕೃತ ನಮೂದುಗಳ ಅಂಕಿಗೂ ಇರುವ ಸಂಬಂಧ. ಅರವತ್ತೇಳು ಸಾವಿರ ಟ್ಯಾಗುಗಳು ಫ್ಲಿಕರ್‌ನಲ್ಲಿ ಹುಡುಕುವವರಿಗೆ ನೆರವಾಗಿ ಅಲ್ಲೇ ಉಳಿದವು. ಕ್ಯಾಟಲಾಗಿನೊಳಗೆ ದಾಟಿದ್ದು ಬಹುಮಟ್ಟಿಗೆ ಟಿಪ್ಪಣಿಗಳ ಸಾರ. ಕಾರಣವನ್ನು ಬೈನ್ ಚಿತ್ರವೊಂದರ ನಮೂದನ್ನು ತೆರೆದು ನೋಡಿದರೆ ತಿಳಿಯುತ್ತದೆ. ಶೀರ್ಷಿಕೆಯನ್ನು ಸುದ್ದಿಸಂಸ್ಥೆ ಗಾಜಿನ ನೆಗೆಟಿವ್ ಅಥವಾ ಅದರ ಚೀಟಿಯ ಮೇಲೆ ಬರೆದದ್ದರಿಂದ ತೆಗೆದುಕೊಳ್ಳಲಾಗಿದೆ, ಅದನ್ನು ಪರಿಶೀಲಿಸಿಲ್ಲ ಎಂದು ಅಲ್ಲಿ ಮೊದಲೇ ಒಪ್ಪಿಕೊಂಡಿರುತ್ತದೆ. ಅದರ ಜೊತೆಗೆ, ಜನ ಗುರುತಿಸಿಕೊಟ್ಟ ಚಿತ್ರವಾದರೆ, ಇನ್ನೊಂದು ಸಾಲು ಬಂದು ಕೂರುತ್ತದೆ: ಚಿತ್ರದಲ್ಲಿರುವವರು ಯಾರು, ಯಾವ ಸಂದರ್ಭ, ಎಂದು, ಕೊನೆಗೆ ಆಕರವಾಗಿ ‘ಫ್ಲಿಕರ್ ಕಾಮನ್ಸ್ ಯೋಜನೆ, 2008’ ಎಂಬ ನಮೂದು. ಟೋಪಿ, ರೈಲು, ಹೆಂಗಸು ಎಂಬ ಟ್ಯಾಗು ಚಿತ್ರದಲ್ಲಿ ಕಣ್ಣಿಗೆ ಕಾಣುವುದನ್ನೇ ಹೇಳುತ್ತದೆ. ಟಿಪ್ಪಣಿಯಾದರೋ ಚಿತ್ರದಲ್ಲಿ ಕಾಣದ್ದನ್ನು ಸಾಧಿಸಹೊರಡುತ್ತದೆ: ಈತ ಇಂಥವನು, ಆ ದಿನದ ಪತ್ರಿಕೆಯಲ್ಲಿ ಸುದ್ದಿ ಇದೆ, ಬೇಕಾದರೆ ನೋಡಿ. ಟ್ಯಾಗನ್ನು ಗ್ರಂಥಪಾಲಕ ಹಾಗೆಯೇ ಬಿಡಬಹುದು. ಟಿಪ್ಪಣಿ ಬಂದರೆ ಎದ್ದು ಹೋಗಿ ಪತ್ರಿಕೆ ತೆಗೆದು ನೋಡಲೇಬೇಕು.

ಹಾಗಾಗಿ ನಾನು ಮುಂದಿಡುವ ಮಾತು ಇದು: ಸಂವಾದಾತ್ಮಕ ವೆಬ್ ಸೂಚೀಕಾರನಿಂದ ಬೇಡಿದ್ದು ಹೊಸ ಕೌಶಲವನ್ನಲ್ಲ, ಪರಾಮರ್ಶನ ಮೇಜಿನ ಹಳೆಯ ಕೌಶಲವನ್ನು. ಒಳಕೋಣೆಯಲ್ಲಿ ಕೂತು ನಮೂದು ಬರೆಯುವವರೂ ಹೊರಗೆ ಓದುಗರ ಪ್ರಶ್ನೆಗೆ ಆಕರ ಹುಡುಕಿಕೊಡುವವರೂ ಬೇರೆಯಾಗಿದ್ದ ದೊಡ್ಡ ಗ್ರಂಥಾಲಯಗಳಲ್ಲಿ ಆ ಎರಡು ಕೆಲಸಗಳೂ ಒಬ್ಬರ ತಲೆಗೇ ಬಂದವು. ‘23 ಥಿಂಗ್ಸ್’ ಸಾಧನವನ್ನೇ ಪಾಠದ ಘಟಕವಾಗಿ ಇಟ್ಟುಕೊಂಡಿತು. ಅಲ್ಲಿ ಟ್ಯಾಗಿಗೆ ಒಂದು ವಾರವಿತ್ತು, ವಿಕಿಗೆ ಒಂದು ವಾರ. ಓದುಗ ತಂದೊಪ್ಪಿಸಿದ ಮಾಹಿತಿಯನ್ನು ತಾಳೆ ನೋಡುವುದು ಆ ಇಪ್ಪತ್ತಮೂರರಲ್ಲಿ ಒಂದಾಗಿರಲಿಲ್ಲ.

ಈ ಮಾತಿಗೆ ಮಿತಿಗಳಿವೆ. ಒಂದನೆಯದಾಗಿ, ಇದು ಛಾಯಾಚಿತ್ರಗಳ ಸಾಕ್ಷ್ಯ. ಶೀರ್ಷಿಕೆ, ಲೇಖಕ, ಪ್ರಕಾಶಕ ಎಲ್ಲವನ್ನೂ ತಾನೇ ಹೊತ್ತು ತರುವ ಅಚ್ಚಿನ ಪುಸ್ತಕಕ್ಕೆ ಇದನ್ನು ನೇರವಾಗಿ ಅನ್ವಯಿಸಲಾಗದು. ಎರಡನೆಯದಾಗಿ, ಬೈನ್ ಚಿತ್ರಗಳ ಕಾಲದ ಅಮೆರಿಕನ್ ಪತ್ರಿಕೆಗಳು ಆ ವೇಳೆಗೆ ಡಿಜಿಟಲ್ ರೂಪದಲ್ಲಿ ದೊರೆಯತೊಡಗಿದ್ದವು. ತಾಳೆ ನೋಡಲು ಆಕರವಿಲ್ಲದ ಕಡೆ ಟಿಪ್ಪಣಿಯೂ ಬರಿಯ ಹೇಳಿಕೆಯಾಗಿಯೇ ಉಳಿಯುತ್ತಿತ್ತು. ಮೂರನೆಯದಾಗಿ, ಟ್ಯಾಗುಗಳು ವ್ಯರ್ಥವೆಂದು ನಾನು ಹೇಳುತ್ತಿಲ್ಲ. ಕ್ಲೇ ಶರ್ಕಿ 2005ರಲ್ಲಿ ವಾದಿಸಿದಂತೆ ಅವು ವರ್ಗೀಕರಣದ ಜಾಗಕ್ಕೆ ಬಂದು ಕೂರುತ್ತವೆ ಎಂಬುದನ್ನಷ್ಟೇ ಒಪ್ಪುತ್ತಿಲ್ಲ. ಕಪಾಟಿನಲ್ಲಿ ಪುಸ್ತಕಕ್ಕೆ ಒಂದೇ ಜಾಗ ಎಂಬ ಕಟ್ಟುಪಾಡಿನಿಂದ ವರ್ಗೀಕರಣ ಹುಟ್ಟಿತು ಎಂಬ ಅವರ ನಿಲುವು, ವಿಷಯವನ್ನು ಮುಖಗಳಾಗಿ ಬಿಡಿಸಿ ಮತ್ತೆ ಕೂಡಿಸುವ ರಂಗನಾಥನ್ನರ 1933ರ ಕೋಲನ್ ಪದ್ಧತಿಯನ್ನು ಲೆಕ್ಕಕ್ಕೆ ತೆಗೆದುಕೊಂಡಂತಿಲ್ಲ. 1962ರಲ್ಲಿ ಅದೇ ರಂಗನಾಥನ್ ಕಟ್ಟಿದ ದಾಖಲಾತಿ ಸಂಶೋಧನಾ ಮತ್ತು ತರಬೇತಿ ಕೇಂದ್ರ (ಡಿ.ಆರ್.ಟಿ.ಸಿ.) ಇರುವ ಬೆಂಗಳೂರಿನಲ್ಲಿ ಇದನ್ನು ಯಾರಿಗೂ ವಿವರಿಸಿ ಹೇಳಬೇಕಾಗಿಲ್ಲ.

ಇವೆಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ ಆಸ್ಟ್ರೇಲಿಯಾದಿಂದ ಬರುತ್ತದೆ. ಅಲ್ಲಿನ ರಾಷ್ಟ್ರೀಯ ಗ್ರಂಥಾಲಯ 2008ರಲ್ಲೇ ಹಳೆಯ ಪತ್ರಿಕೆಗಳ ಯಂತ್ರ ಓದಿದ ಪಠ್ಯವನ್ನು ಸಾರ್ವಜನಿಕರು ತಿದ್ದಬಹುದು ಎಂದು ಬಿಟ್ಟಿತು. ಈಗ ಅದು ಆ ಗ್ರಂಥಾಲಯದ ‘ಟ್ರೋವ್’ ಜಾಲತಾಣದ ಭಾಗ. ಅಲ್ಲಿ ತಿದ್ದುಪಡಿಯನ್ನು ಯಾವ ಗ್ರಂಥಪಾಲಕನೂ ಮೊದಲು ಪರಿಶೀಲಿಸುವುದಿಲ್ಲ, ಅದು ಕೂಡಲೇ ಜಾರಿಗೆ ಬರುತ್ತದೆ. ಹಾಗಾದರೆ ತಾಳೆ ನೋಡುವ ಕೆಲಸ ಗ್ರಂಥಪಾಲಕನ ಪಾಲಿಗೆ ಬಂತು ಎಂಬ ನನ್ನ ವಾದ ಬಿದ್ದುಹೋಗುವುದಿಲ್ಲವೇ? ಪೂರ್ತಿ ಬೀಳುವುದಿಲ್ಲ ಎಂದುಕೊಂಡಿದ್ದೇನೆ. ಟ್ರೋವ್‌ನಲ್ಲಿ ಪತ್ರಿಕೆಯ ಪುಟದ ಚಿತ್ರ ಪಠ್ಯದ ಪಕ್ಕದಲ್ಲೇ ಇರುತ್ತದೆ, ಹಿಂದಿನ ಪಾಠಗಳೂ ಉಳಿದಿರುತ್ತವೆ. ತಪ್ಪು ತಿದ್ದಿದ್ದರೆ ಮುಂದಿನ ಓದುಗನ ಕಣ್ಣಿಗೇ ಬೀಳುತ್ತದೆ. ಪುರಾವೆ ಎದುರಿಗೇ ಇರುವ ಕಡೆ ತಾಳೆ ನೋಡುವ ಹೊಣೆಯನ್ನು ಓದುಗರಲ್ಲಿ ಹಂಚಬಹುದು; ಪುರಾವೆ ಬೇರೆಡೆ ಇದ್ದರೆ ಯಾರಾದರೂ ಒಬ್ಬರು ಹೋಗಿ ತರಲೇಬೇಕು.

ಕನ್ನಡದ ವಿಕಿಸೋರ್ಸ್ ಈ ಎರಡರ ನಡುವೆ ನಿಲ್ಲುತ್ತದೆ. ಅಲ್ಲಿಯೂ ಸ್ಕ್ಯಾನ್ ಮಾಡಿದ ಪುಟ ಒಂದು ಬದಿಗೆ, ಪಠ್ಯ ಇನ್ನೊಂದು ಬದಿಗೆ. ಕರಡು ತಿದ್ದದ ಪುಟಕ್ಕೆ ಕೆಂಪು, ಒಬ್ಬರು ತಿದ್ದಿದ್ದಕ್ಕೆ ಹಳದಿ, ಇನ್ನೊಬ್ಬರು ಮತ್ತೆ ಪರಿಶೀಲಿಸಿದ್ದಕ್ಕೆ ಹಸಿರು. ಹಳದಿ ಮಾಡಿದವರೇ ಹಸಿರು ಮಾಡುವಂತಿಲ್ಲ. ಮೈಸೂರು ವಿಶ್ವವಿದ್ಯಾನಿಲಯ 2014ರಲ್ಲಿ ತನ್ನ ಕನ್ನಡ ವಿಶ್ವಕೋಶದ ಆರು ಸಂಪುಟಗಳನ್ನು ಮುಕ್ತ ಪರವಾನಗಿಯಡಿ ಬಿಡುಗಡೆ ಮಾಡಿದ ಮೇಲೆ ಅದರ ಲೇಖನಗಳೂ ಈ ತಾಣ ಸೇರಿದವು. ಒತ್ತಕ್ಷರ ಎಲ್ಲೋ ಜಾರಿದ್ದರೆ ಪುಟ ನೋಡಿ ಯಾರಾದರೂ ತಿದ್ದಬಲ್ಲರು. ವಿಶ್ವಕೋಶದ ಲೇಖನದಲ್ಲಿರುವ ಒಂದು ಇಸವಿಯೇ ತಪ್ಪಿದ್ದರೆ ಆ ವ್ಯವಸ್ಥೆಯಿಂದ ಪ್ರಯೋಜನವಿಲ್ಲ. ಇದ್ದದ್ದನ್ನು ಇದ್ದಂತೆ ಉಳಿಸುವುದೇ ಅಲ್ಲಿನ ನಿಯಮ. ನಮ್ಮ ಗ್ರಂಥಪಾಲಕರಿಗೆ ವಿಕಿ ತರಬೇತಿ ಕೊಡುವವರು ತಿದ್ದುವ ಗುಂಡಿಯನ್ನು ತೋರಿಸುವ ಮೊದಲು ಈ ವ್ಯತ್ಯಾಸವನ್ನು ತೋರಿಸುವುದು ಒಳಿತು.

ಇತ್ಯರ್ಥವಾಗದ ಒಂದು ವಿಷಯ ಉಳಿದಿದೆ. ವಿಕಿಸೋರ್ಸ್‌ನಲ್ಲಿ ತಿದ್ದಿದವರ ಹೆಸರು ಪುಟದ ಇತಿಹಾಸದಲ್ಲಿ ಸಿಗುತ್ತದೆ. ಲೈಬ್ರರಿ ಆಫ್ ಕಾಂಗ್ರೆಸ್ಸಿನ ನಮೂದಿನಲ್ಲಿ ಯೋಜನೆಯ ಹೆಸರಿದೆ, ಇಸವಿಯಿದೆ. ಗುರುತು ಹಿಡಿದ ಓದುಗನ ಹೆಸರೂ ಇಲ್ಲ, ತಾಳೆ ನೋಡಿದ ಸಿಬ್ಬಂದಿಯ ಹೆಸರೂ ಇಲ್ಲ. ಮುಂದೆ ಯಾರಾದರೂ ಆ ಗುರುತನ್ನು ಪ್ರಶ್ನಿಸಿದರೆ ವಾದ ಯಾರೊಡನೆ ನಡೆಸಬೇಕು? ಕ್ಯಾಟಲಾಗಿನ ನಿಯಮಗಳು ಇಂಥ ಜಂಟಿ ಕರ್ತೃತ್ವಕ್ಕೆ ಯಾವ ಜಾಗ ಕೊಡಬಲ್ಲವು ಎಂಬುದು ಬೇರೆಯದೇ ಅಧ್ಯಯನಕ್ಕೆ ಬಿಟ್ಟದ್ದು.