ಅಮಾಕ್ಸಿಸಿಲಿನ್: ಸೇವನೆಯಲ್ಲಿ ವಹಿಸಬೇಕಾದ ಎಚ್ಚರಿಕೆ
ಅಮಾಕ್ಸಿಸಿಲಿನ್ ಪೆನಿಸಿಲಿನ್ ವರ್ಗದ ಪ್ರತಿಜೈವಿಕ ಔಷಧ. 1928ರಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗ್ ಬೂಷ್ಟಿನಲ್ಲಿ ಕಂಡ ಪೆನಿಸಿಲಿನ್ನಿನ ವಂಶಕ್ಕೆ ಸೇರಿದ ಇದು, ಬ್ಯಾಕ್ಟೀರಿಯಾಗಳ ಕೋಶಭಿತ್ತಿಯ ರಚನೆಯನ್ನು ತಡೆದು ಅವುಗಳನ್ನು ನಾಶಗೊಳಿಸುವುದಾದರೂ, ನೆಗಡಿಯೇ ಮೊದಲಾದ ವೈರಾಣುಜನ್ಯ ವ್ಯಾಧಿಗಳಲ್ಲಿ ಸರ್ವಥಾ ನಿಷ್ಪ್ರಯೋಜಕವಾದುದು.

ಇದರ ಸೇವನೆಯಲ್ಲಿ ಎಲ್ಲಕ್ಕಿಂತ ಮಿಗಿಲಾಗಿ ಭಯಪಡಬೇಕಾದುದು ಅಲರ್ಜಿ. ಹಿಂದೆಂದಾದರೂ ಪೆನಿಸಿಲಿನ್ ಇಂಜೆಕ್ಷನ್ನಿನಿಂದಲೋ ಮಾತ್ರೆಯಿಂದಲೋ ಮೈಮೇಲೆ ದದ್ದುಗಳೆದ್ದು, ತುಟಿ ಕಣ್ಣುರೆಪ್ಪೆಗಳು ಬಾತು, ಉಸಿರುಗಟ್ಟಿದಂತಾದವರು ಆ ಸಂಗತಿಯನ್ನು ವೈದ್ಯರಿಗೆ ಮೊದಲೇ ಅರುಹತಕ್ಕದ್ದು. ಮಾಲೂರು ತಾಲ್ಲೂಕಿನ ಟೇಕಲ್ಲಿನಂತಹ ಊರಿನಿಂದ ಒಮ್ಮೆ ಕೋಲಾರಕ್ಕೆ, ಒಮ್ಮೆ ರೈಲು ಹತ್ತಿ ಬೆಂಗಳೂರಿಗೆ ಚಿಕಿತ್ಸೆಗೆಂದು ಹೋಗುವವರು ಬೇರೆಬೇರೆ ವೈದ್ಯರನ್ನು ಕಾಣುವರಾದ್ದರಿಂದ, ಅದನ್ನು ಚೀಟಿಯಲ್ಲಿ ಬರೆಸಿ ಜೊತೆಯಲ್ಲಿಟ್ಟುಕೊಳ್ಳುವುದು ಅತ್ಯಾವಶ್ಯಕ. ಔಷಧ ಸೇವಿಸಿದ ಮೇಲೆ ಈ ಲಕ್ಷಣಗಳು ತೋರಿದಲ್ಲಿ ಕ್ಷಣವೂ ತಡಮಾಡದೆ ಆಸ್ಪತ್ರೆ ಸೇರಬೇಕು.

ಮೂತ್ರಪಿಂಡದ ದೌರ್ಬಲ್ಯವುಳ್ಳವರಿಗೆ ಪ್ರಮಾಣವನ್ನು ತಗ್ಗಿಸಬೇಕಾಗಬಹುದು; ವಾರ್ಫರಿನ್, ಮೆಥೊಟ್ರೆಕ್ಸೇಟ್ ಎಂಬ ಔಷಧಗಳನ್ನು ಸೇವಿಸುತ್ತಿರುವವರೂ ವೈದ್ಯರಿಗೆ ತಿಳಿಸತಕ್ಕದ್ದು. ಅಲ್ಪಸ್ವಲ್ಪ ಭೇದಿ ಸಾಮಾನ್ಯ. ರಕ್ತಮಿಶ್ರಿತವಾದ ಅಥವಾ ನಿಲ್ಲದ ಭೇದಿ ಉಪೇಕ್ಷಿಸತಕ್ಕದ್ದಲ್ಲ.

ಮಕ್ಕಳ ಒಣ ಸಿರಪ್ಪಿಗೆ ಕುದಿಸಿ ಆರಿಸಿದ ನೀರನ್ನು ಸೀಸೆಯ ಮೇಲಿನ ಗೆರೆಯವರೆಗೆ ತುಂಬಿ, ತಳಕ್ಕಂಟಿದ ಪುಡಿ ಪೂರ್ತಿ ಕದಡುವವರೆಗೆ, ತರುವಾಯ ಪ್ರತಿ ಸಲ ಕೊಡುವ ಮುನ್ನವೂ, ಚೆನ್ನಾಗಿ ಅಲುಗಿಸಬೇಕು. ಅಡುಗೆಮನೆಯ ಚಮಚದಿಂದಲ್ಲ, ಸೀಸೆಯೊಡನೆ ಬರುವ ಅಳತೆಯ ಮುಚ್ಚಳದಿಂದಲೇ ಕೊಡಬೇಕು. ಲೇಬಲ್ಲಿನಲ್ಲಿ ಹೇಳಿದ ದಿನಗಳು ಕಳೆದ ಮೇಲೆ ಉಳಿದುದನ್ನು ಮತ್ತೊಂದು ಜ್ವರಕ್ಕೆಂದು ಕಾದಿರಿಸಲಾಗದು. ಜ್ವರವಿಳಿಯಿತೆಂದು ತಾವಾಗಿಯೇ ಮಾತ್ರೆ ನಿಲ್ಲಿಸುವುದೂ, ನೆರೆಯವರ ಚೀಟಿ ತೋರಿಸಿ ಕೊಳ್ಳುವುದೂ ಔಷಧಕ್ಕೆ ಜಗ್ಗದ ರೋಗಾಣುಗಳ ವೃದ್ಧಿಗೆ ಕಾರಣವಾಗಬಲ್ಲುದು.